ಎರವಲು ತಂದ ನಿಲ್ದಾಣ

ಸಾವಿನ ಮನೆ ಎಂದು ಕಸದ ಗಾಡಿಯವನು ಇಷ್ಟು ದಿನ ಬಾಗಿಲ ಮುಂದೆ ಗಂಟೆ ಬಾರಿಸದೆ ಸುಮ್ಮನೆ ನಿಂತು ಹೋಗುತ್ತಿದ್ದ. ಈ ಬೆಳಿಗ್ಗೆ ಬಾರಿಸಿದ. ಜೊತೆಗೆ, "ಒಣ ಕಸ ಬೇರೆ ಇಡ್ರಮ್ಮಾ, ಎಷ್ಟು ಸಲ ಹೇಳೋದು!" ಎಂದು ಗದರಿದ. ಮಾಮೂಲು ದಿನಗಳು ಶುರುವಾದವು ಎಂದು ಅವಳಿಗೆ ಗೊತ್ತಾದದ್ದು ಹಾಗೆ.

ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಉಳಿದವರು ಅತ್ತೆ ಒಬ್ಬರು. ಅಡುಗೆಮನೆಯಲ್ಲಿ ಅವರು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದರು. ಅವಳು ನೆಂಟರು ಹೊದ್ದ ಕಂಬಳಿಗಳನ್ನು ಮಡಚಿಕೊಂಡು ಗಂಡನ ಓದುವ ಕೋಣೆಗೆ ಹೋದಳು. ಕಚೇರಿಯ ಮೆಟ್ಟಿಲ ಮೇಲೆ ಸುಸ್ತು ಎಂದು ಕೂತವನು ಮತ್ತೆ ಏಳಲಿಲ್ಲ ಎಂದು ಫೋನು ಬಂದ ಗಳಿಗೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ಮಡಚಿ ಕೂತ ಕಾಲು ಜೋಮು ಹಿಡಿಯುವುದಿಲ್ಲವೇ, ಹಾಗೆ ಮನಸ್ಸು ಜೋಮು ಹಿಡಿದಿತ್ತು. ಚಿವುಟಿದರೆ ತಿಳಿಯುತ್ತಿತ್ತು, ನೋಯುತ್ತಿರಲಿಲ್ಲ.

ಬೀರುವಿನ ಬಾಗಿಲು ತೆಗೆದಾಗ ಒಳಗಿಂದ ಸೀಟಿ ಕೇಳಿತು. ಪುಟ್ಟ ರೈಲಿನ ಸೀಟಿ.

ಕೆಳಗಿನ ಅರೆಯಲ್ಲಿ ಗಂಡನ ಹಳೆಯ ಸ್ವೆಟರ್ ಇತ್ತು. ಅದರ ತೋಳಿನೊಳಗೆ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ, ಕೈಯಲ್ಲಿ ಹಿಡಿದು ಆಡುವ ಆಟದ ಮೆಷಿನ್. ಅದರ ಒಂದು ಗುಂಡಿಯ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ. ಬಟ್ಟೆಯ ಮೂಲೆಯಲ್ಲಿ ಕನ್ನಡಕ ಹಾಕಿದ ಗೂಬೆಯ ಚಿತ್ರ, ಕೆಳಗೆ ಊರ ದೊಡ್ಡ ಚೌಕದಲ್ಲಿದ್ದ ಕನ್ನಡಕದ ಅಂಗಡಿಯ ವಿಳಾಸ.

ಅವಳು ನೆಲದ ಮೇಲೆ ಕೂತಳು.

ಅವಳ ಗಂಡ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಚಟಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಹೆಂಡ, ಸಿಗರೇಟಿನ ಚಟವಲ್ಲ. ಆಟ ಬಿಡಲಾರದವರು, ಬಾಜಿ ಬಿಡಲಾರದವರು, ಬೇಡದ್ದನ್ನು ಕೊಳ್ಳುತ್ತಲೇ ಇರುವವರು. 'ಬಾಟಲಿಯಿಲ್ಲದ ಕುಡುಕರು' ಎಂದು ಅವನೇ ಹೇಳುತ್ತಿದ್ದ, ಕನಿಕರದಿಂದ. ಮನೆಯಲ್ಲಿ ಮಾತ್ರ ಆಟದ ಸುಳಿವೂ ಇರಕೂಡದು. ಅವಳ ಫೋನಿನಲ್ಲಿದ್ದ ಇಸ್ಪೀಟಿನ ಆಟವನ್ನು ಕೂಡ ಅಳಿಸಿಹಾಕಿದ್ದ. "ನಾನೂ ಮನುಷ್ಯನೇ ಕಣೇ. ಕೈಗೆ ಸಿಕ್ರೆ ಬಿದ್ದೇಹೋಗ್ತೀನಿ" ಎಂದು ನಕ್ಕಿದ್ದ.

ಲ್ಯಾಬಿನ ಪ್ರಶ್ನೆಗಳು ಅವಳಿಗೆ ಬಾಯಿಪಾಠವಾಗಿದ್ದವು. ಒಬ್ಬರಿಗೆ ಆಟ ಚಟವಾಗಿದೆಯೇ ಎಂದು ತಿಳಿಯಲು ಲ್ಯಾಬಿನವರು ಒಂಬತ್ತು ಪ್ರಶ್ನೆ ಕೇಳುತ್ತಿದ್ದರು. ಅವು ಎಷ್ಟು ಪಂಡಿತ ಭಾಷೆಯಲ್ಲಿದ್ದವೆಂದರೆ, ಬಂದವರು ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ತಲೆಯಾಡಿಸಿ ಹೋಗುತ್ತಿದ್ದರು. ಭಾಷೆ ಓದಿದ ಹೆಂಡತಿ ಮನೆಯಲ್ಲಿರುವಾಗ ಊರೆಲ್ಲ ಯಾಕೆ ಸುತ್ತಬೇಕು ಎಂದು ಅವನು ಹಾಳೆಗಳನ್ನು ಊಟದ ಮೇಜಿಗೆ ತಂದಿದ್ದ. ಹಳದಿ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಬೇಕಾದಾಗ ಎಳೆದುಕೊಂಡು, ಅವಳು ಒಂದೊಂದನ್ನೇ ಮನೆಮಾತಿಗೆ ಇಳಿಸಿದ್ದಳು. ಆಡದೆ ಇದ್ದಾಗಲೂ ಅದೇ ಯೋಚನೆ ಬರುತ್ತಾ? ಬಿಡಬೇಕು ಅಂದ್ಕೊಂಡು ಸೋತಿದ್ದೀರಾ? ಮನೆಯವರಿಗೆ ಸುಳ್ಳು ಹೇಳಿ ಆಡಿದ್ದೀರಾ?

ಸುಳ್ಳಿನ ಪ್ರಶ್ನೆಯ ಹತ್ತಿರ ಅವನು ಕನ್ನಡಕ ತೆಗೆದು ಒರೆಸಿದ್ದ. ಇದು ಅವಳಿಗೆ ಈಗ ನೆನಪಾಯಿತು. ಆಗ ಒರೆಸಿದ್ದನೋ, ಈಗ ನೆನಪೇ ಅವನ ಕೈಗೆ ಬಟ್ಟೆ ಕೊಟ್ಟಿತೋ, ಹೇಳುವುದು ಕಷ್ಟ.

ಬಾಗಿಲು ತಟ್ಟಿದ ಸದ್ದಾಯಿತು. ಅವಳು ಮೆಷಿನನ್ನು ಕಂಬಳಿಗಳ ನಡುವೆ ತುರುಕಿ, ಕಂಬಳಿಗಳ ಸಮೇತ ಹಜಾರಕ್ಕೆ ಬಂದಳು.

ಬಂದವನು ಲ್ಯಾಬಿನ ಗಡಿಯಾರ. ಪ್ರಯೋಗಕ್ಕೆ ಬಂದವರು ಎಷ್ಟು ಹೊತ್ತು ಆಡಿದರು, ಎಷ್ಟು ಹೊತ್ತು ತಡೆದುಕೊಂಡರು ಎಂದು ಅಳೆಯುವುದೇ ಅವನ ಕೆಲಸವಾದ್ದರಿಂದ ಆ ಹೆಸರು ಅಂಟಿತ್ತು. ಗಂಡನಿಗಿಂತ ಚಿಕ್ಕವನು. ಅವನನ್ನು ಅಣ್ಣ ಎನ್ನುತ್ತಿದ್ದ, ಅವಳನ್ನು ಅತ್ತಿಗೆ.

"ಇಷ್ಟು ಬೇಗ ಬರಬಾರದಿತ್ತು ಅತ್ತಿಗೆ."

"ಬಂದಾಯ್ತಲ್ಲ. ಕೂತ್ಕೊಳ್ಳಿ."

ಅವನು ಕಂಬಳಿಗಳ ಪಕ್ಕದಲ್ಲೇ ಕೂತು ಅವುಗಳ ಮೇಲೆ ಮೊಣಕೈ ಊರಿದ. ಕಣ್ಣು ಮಾತ್ರ ಕೋಣೆಯ ಮೂಲೆಮೂಲೆಗೂ ಹೋಗಿ ಬರುತ್ತಿತ್ತು.

"ಅಣ್ಣನ ಹತ್ರ ಲ್ಯಾಬಿನ ಸಾಮಾನು ಏನಾದ್ರೂ ಉಳಿದಿತ್ತಾ ಅಂತ... ಲ್ಯಾಪ್‌ಟಾಪು, ಫೈಲು... ಇಲ್ಲಾಂದ್ರೆ ಆಟದ ಮೆಷಿನ್ ಏನಾದ್ರೂ."

"ಮನೇಲಿ ಆಟದ ಮೆಷಿನ್ ಯಾಕಿರುತ್ತೆ?"

"ಸುಮ್ನೆ ಕೇಳ್ದೆ."

ಅತ್ತೆ ಚಹಾ ತಂದಿಟ್ಟರು. "ಸುಮ್ನೆ ಕೇಳೋಕೆ ಎರಡು ಬಸ್ಸು ಬದಲಾಯಿಸಿ ಬಂದ್ಯಾ ಮಗನೇ? ಕಾಲು ಗಟ್ಟಿ ಇದೆ ಬಿಡು ನಿಂಗೆ."

ಗಡಿಯಾರ ಚಹಾವನ್ನು ಊದಿ ಊದಿ ಆರಿಸಿದ. ಆಮೇಲೆ ಹೇಳಿದ. ಪ್ರಯೋಗಕ್ಕೆ ಬಂದವರ ನಿಜ ಹೆಸರು ಯಾರಿಗೂ ತಿಳಿಯಬಾರದೆಂದು ಅಣ್ಣ ಒಬ್ಬೊಬ್ಬರಿಗೂ ಒಂದು ಪಕ್ಷಿಯ ಹೆಸರಿಟ್ಟಿದ್ದ. ಕೊಕ್ಕರೆ, ಗಿಳಿ, ಮರಕುಟಿಗ. ಎಲ್ಲರಿಗೂ ಆಟ ಬಿಡಲು ಹೇಳಿ, ಬಿಟ್ಟಾಗ ಏನೇನು ಆಗುತ್ತದೆಂದು ನೋಡುವುದು ಪ್ರಯೋಗ. ಎಲ್ಲರೂ ಬಿಟ್ಟರು, ನಡುಗಿದರು, ಸಿಡುಕಿದರು, ಮತ್ತೆ ಹಿಡಿದರು, ಮತ್ತೆ ಬಿಟ್ಟರು.

"ಗೂಬೆ ಅಂತ ಒಬ್ರಿದಾರೆ ಅತ್ತಿಗೆ. ಒಂದೇ ಏಟಿಗೆ ಬಿಟ್ರು. ನಡುಕ ಇಲ್ಲ, ಸಿಟ್ಟಿಲ್ಲ. ಹಿಂದೆ ತಿರುಗಿಯೂ ನೋಡಿಲ್ಲ."

"ಒಳ್ಳೇದೇ ಅಲ್ವಾ?"

"ಅಷ್ಟು ಒಳ್ಳೇದು ಇರಲ್ಲ. ನಾನೂ ಇಷ್ಟು ಜನರನ್ನ ನೋಡಿದೀನಿ. ಪ್ರೊಫೆಸರ್‌ಗೂ ಅನುಮಾನ ಬಂದಿದೆ."

ಕಂಬಳಿಗಳ ಒಳಗಿಂದ ಸೀಟಿ ಕೇಳಿತು.

ಗಡಿಯಾರನ ಮೊಣಕೈ ಕಂಬಳಿಯಿಂದ ಎದ್ದಿತು. "ಏನದು?"

"ಪಕ್ಕದ ಮನೆ ಮಕ್ಕಳು. ರೈಲು ಆಡ್ತಾರೆ" ಎಂದಳು ಅವಳು. ಪಕ್ಕದ ಮನೆಯಲ್ಲಿ ಇದ್ದದ್ದು ಒಬ್ಬ ನಿವೃತ್ತ ನೀರುಗಂಟಿ ಮತ್ತು ಅವನ ಬೆಕ್ಕು. ಅತ್ತೆ ಸೊಸೆಯ ಮುಖ ನೋಡಿದರು, ಲೋಟ ಎತ್ತಿಕೊಂಡರು, ಒಳಗೆ ಹೋದರು.

ಹೊಸ್ತಿಲು ದಾಟುವಾಗ ಗಡಿಯಾರ ತಿರುಗಿದ. "ತಪ್ಪು ತಿಳ್ಕೋಬೇಡಿ. ಅಣ್ಣನೇ ಆಡ್ತಿದ್ರಾ?"

"ಇಲ್ಲ" ಎಂದಳು.

ಸುಳ್ಳು ಹೇಳಿದ ಮೇಲೆ ಅವಳಿಗೆ ಸತ್ಯ ಬೇಕಾಯಿತು. ಗಂಡ ಹೋದದ್ದು ಹೋಗಿಯಾಗಿತ್ತು. ಅವನು ಅವಳೊಡನೆ ಬಾಳಿದ ಕೊನೆಯ ವರ್ಷ ನಿಜವೋ ಸುಳ್ಳೋ, ಅದೊಂದು ತಿಳಿಯಬೇಕಿತ್ತು. ಆ ವರ್ಷವೂ ಕೈಬಿಟ್ಟರೆ ಹಿಡಿದುಕೊಳ್ಳಲು ಇನ್ನೇನೂ ಉಳಿಯುತ್ತಿರಲಿಲ್ಲ. ಮೆಷಿನಿನ ಚಾರ್ಜು ಮುಗಿದಿತ್ತು. ಚಾರ್ಜು ಮಾಡುವ ವೈರು ಅವನ ಗಡ್ಡ ಹೆರೆಯುವ ಚೀಲದಲ್ಲೇ ಸಿಕ್ಕಿತು. ಅಲ್ಲಿಗೆ ಇನ್ನೊಂದು ಗುಟ್ಟೂ ಬಯಲಾಯಿತು. ವರ್ಷದಿಂದ ಅವನು ಬೆಳಿಗ್ಗೆ ಬಚ್ಚಲಿಗೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ. "ಏನೋ, ಅಲ್ಲೇ ಮನೆ ಮಾಡಿದ್ಯಾ?" ಎಂದು ಅತ್ತೆ ಬಂದಾಗಲೆಲ್ಲ ಬಾಗಿಲು ಬಡಿಯುತ್ತಿದ್ದರು. ಒಳಗೆ ನಲ್ಲಿ ಬಿಟ್ಟೇ ಇರುತ್ತಿತ್ತು. ನೀರಿನ ಸದ್ದಿನ ಕೆಳಗೆ ಸೀಟಿಯ ಸದ್ದು ಇದ್ದಿರಬೇಕು.

ಮೆಷಿನಿಗೆ ಜೀವ ಬಂದಾಗ ತೆರೆಯ ಮೇಲೆ ಒಂದು ರೈಲು ನಿಲ್ದಾಣ ಮೂಡಿತು. ಕತ್ತಲಲ್ಲಿತ್ತು. ಟೋಪಿ ಹಾಕಿದ ನಾಯಿಯೊಂದು ಆರಿದ ದೀಪದ ಕೆಳಗೆ ಜೋಲು ಮುಖ ಹಾಕಿಕೊಂಡು ಕೂತಿತ್ತು. 'ದೀಪದ ಸಾಲು ಮುರಿದಿದೆ' ಎಂದಿತು ತೆರೆ. 'ಇಂದು ಮತ್ತೆ ಮೊದಲ ದಿನ.'

ಆಟ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದಿನವೂ ಬಂದು ದೀಪ ಹಚ್ಚಬೇಕು, ಹಚ್ಚದಿದ್ದರೆ ಸೀಟಿ ಊದಿ ಕರೆಯುತ್ತದೆ. ಒಂದು ದಿನ ತಪ್ಪಿದರೆ ಅಷ್ಟೂ ದಿನಗಳ ಎಣಿಕೆ ಮಣ್ಣುಪಾಲು. ಹಿಂದಿನ ಸಾಲು ಯಾವಾಗ ಮುರಿದಿತ್ತೆಂದೂ ತೆರೆ ತೋರಿಸಿತು. ಅವನು ಮೆಟ್ಟಿಲ ಮೇಲೆ ಕೂತ ದಿನದ ಮಾರನೆಯ ಬೆಳಿಗ್ಗೆ. ಅಂದರೆ ಹೋದ ದಿನವೂ ಹಚ್ಚಿಯೇ ಹೋಗಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಉಗುರುಬಣ್ಣದ ಚುಕ್ಕೆ ಅವನದಲ್ಲವಲ್ಲ. ನಿಲ್ದಾಣದ ಹಿಂದೆ ಎರಡನೆಯ ಪ್ಲಾಟ್‌ಫಾರ್ಮ್, ಅದರಾಚೆ ಮೇಲ್ಸೇತುವೆ, ಸೇತುವೆಯ ಕೆಳಗೆ ಮರ, ಮರದಡಿ ಬೆಂಚು. ಬೆಂಚಿನ ಮೇಲೆ ಇಬ್ಬರು. ಕನ್ನಡಕ ಹಾಕಿದ ಗಂಡು, ಹಸಿರು ಬಟ್ಟೆಯ ಹೆಣ್ಣು. ಅವಳ ಬೀರುವಿನಲ್ಲಿ ಹಸಿರು ಬಟ್ಟೆ ಒಂದೂ ಇರಲಿಲ್ಲ.

ಹಾಗಾದರೆ ಇವಳು ಯಾರು?

ಸುಳಿವು ಹುಡುಕಲೆಂದು ಅವಳು ದೀಪ ಹಚ್ಚಿದಳು. ಹೂಕುಂಡಕ್ಕೆ ನೀರೆರೆದಳು. ಮಾರನೆಯ ದಿನವೂ ಹಚ್ಚಿದಳು, ಸಾಲು ಮತ್ತೆ ಮುರಿದರೆ ಹಿಂದಿನ ಗುರುತೆಲ್ಲ ಅಳಿಸಿಹೋಗಬಹುದೆಂದು. ಹಾಗೆಂದು ಆಟ ಎಲ್ಲೂ ಹೇಳಿರಲಿಲ್ಲ. ಬೆಂಚಿನ ಹೆಣ್ಣನ್ನು ಮುಟ್ಟಿದರೆ ಅವಳು ತಲೆ ತಿರುಗಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ದಿನವಾದರೂ ಮಾತಾಡಿಯಾಳು ಎಂದು ಅವಳು ಮುಟ್ಟುತ್ತಲೇ ಹೋದಳು. ಮೂರನೆಯ ಪ್ಲಾಟ್‌ಫಾರ್ಮ್ ಕಟ್ಟಲು ಕಲ್ಲು ಹೊರುವ ಗಾಡಿ ಬಂದರೆ ಅದನ್ನೂ ಕೆಲಸಕ್ಕೆ ಕಳಿಸಿದಳು. ಸುಳಿವು ಅಲ್ಲೂ ಇರಬಹುದಲ್ಲ. ಅತ್ತೆಗೆ ಕಾಣದಿರಲೆಂದು ಅದನ್ನೆಲ್ಲ ಬಚ್ಚಲಲ್ಲೇ ಮಾಡುತ್ತಿದ್ದಳು, ನಲ್ಲಿ ಬಿಟ್ಟುಕೊಂಡು.

ಒಂದು ಬೆಳಿಗ್ಗೆ ಬಾಗಿಲು ಬಡಿಯಿತು.

"ಏನಮ್ಮಾ, ನೀನೂ ಅಲ್ಲೇ ಮನೆ ಮಾಡಿದ್ಯಾ?"

ಅವಳು ನಲ್ಲಿ ನಿಲ್ಲಿಸಿದಳು.

ಬಾಗಿಲಾಚೆ ಅತ್ತೆಯ ದನಿ ಇಳಿಯಿತು. "ಹೆತ್ತೋಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದ ಅವನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ. ನಾನೂ ಹೋಗ್ಲಿ ಅಂತ ಬಿಟ್ಟೆ, ಕೇಳಿದ್ರೆ ಎಲ್ಲಿ ನಾಚ್ಕೋತಾನೋ ಅಂತ. ನಿನ್ನನ್ನ ಬಿಡಲ್ಲ. ಅದು ಯಾರದ್ದೋ, ಕೊಟ್ಟು ಬಾ."

"ಯಾರದ್ದು ಅಂತ ನಿಮಗೆ ಗೊತ್ತಾ ಅತ್ತೆ?"

"ನನಗೆ ಹೇಗೆ ಗೊತ್ತು? ಗಂಡ ನಿನ್ನೋನು."

ಅವಳು ಬಚ್ಚಲ ನೆಲದ ಮೇಲೆ ಕೂತೇ ತನಗೆ ತಾನೇ ಆ ಒಂಬತ್ತು ಪ್ರಶ್ನೆಗಳನ್ನೂ ಕೇಳಿಕೊಂಡಳು. ಐದಕ್ಕೆ ಹೌದು ಬಂತು. ಐದಾದರೆ ಸಾಕು, ಚಟ ಎಂದೇ ಲೆಕ್ಕ. ಆದರೆ ಯಾವುದರ ಚಟ? ಆಟದ್ದಲ್ಲ ಎಂದುಕೊಂಡಳು. ಸಂಶಯದ ಚಟಕ್ಕೆ ಯಾರೂ ಇನ್ನೂ ಪ್ರಶ್ನೆ ಬರೆದಿರಲಿಲ್ಲ.

ದೊಡ್ಡ ಚೌಕದ ಕನ್ನಡಕದ ಅಂಗಡಿ ಅವಳಿಗೆ ಹೊಸದಲ್ಲ, ಹೊರಗಿನಿಂದ. ಆ ವರ್ಷದಲ್ಲಿ ಗಂಡ ಒಂದರ ಹಿಂದೊಂದು ಎರಡು ಕನ್ನಡಕ ಮಾಡಿಸಿದ್ದ. "ಒಂದೊಂದು ಕಣ್ಣಿಗೆ ಒಂದೊಂದಾ?" ಎಂದು ಅವಳು ಆಗ ತಮಾಷೆ ಮಾಡಿದ್ದಳು. ಅವನ ಕನ್ನಡಕವನ್ನು ಕೈಯಲ್ಲಿ ಹಿಡಿದು, ಮೆಷಿನನ್ನು ಚೀಲದ ತಳದಲ್ಲಿಟ್ಟು ಒಳಗೆ ಹೋದಳು.

ಉದ್ದನೆಯ ಗಾಜಿನ ಕಪಾಟುಗಳಿಂದ ನೂರಾರು ಖಾಲಿ ಕನ್ನಡಕಗಳು ಅವಳನ್ನೇ ನೋಡಿದವು. ಒಳಗಿನ ಮೇಜಿನಲ್ಲಿ ಲೆನ್ಸು ಉಜ್ಜುವ ಕಲ್ಲು ಗುಂಯ್ಗುಡುತ್ತಿತ್ತು. ಅದನ್ನು ನಿಲ್ಲಿಸಿ ಒಬ್ಬ ಹೆಂಗಸು ಎದ್ದು ಬಂದಳು. ಹೆಚ್ಚು ಕಡಿಮೆ ಅವಳದೇ ವಯಸ್ಸು. ನೋಡಲು ಚೆನ್ನಾಗಿದ್ದಳು, ಅದನ್ನೇ ಮೊದಲು ನೋಡಿದಳು ಇವಳು. ಕೆಲಸದ ಮೇಲಂಗಿಯ ಬಣ್ಣ ನೋಡಿದಳು. ಬೂದು. ಉಗುರು ನೋಡಿದಳು. ಕೆಂಪು.

"ಕಣ್ಣು ತೋರಿಸ್ಬೇಕಾ ಮೇಡಂ, ರಿಪೇರಿನಾ?"

"ಕಣ್ಣು."

ಪರೀಕ್ಷೆಯ ಕೋಣೆ ಕತ್ತಲೆ. ಎತ್ತರದ ಕುರ್ಚಿ. ಮೂಗಿನ ಮೇಲೆ ಭಾರವಾದ ಕಬ್ಬಿಣದ ಚೌಕಟ್ಟು ಕೂಡಿಸಿ ಆ ಹೆಂಗಸು ಗಾಜು ಬದಲಿಸುತ್ತ ಹೋದಳು. ಅವಳ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ.

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಎರಡೂ ಒಂದೇ."

"ಈಗ?"

"ಇಲ್ಲಿಗೆ ಬರೋ ಗಂಡಸರ ಹತ್ರಾನೂ ಹೀಗೇ ಇಷ್ಟು ಹತ್ರ ನಿಂತ್ಕೋತೀರಾ?"

ಗಾಜು ಬದಲಿಸುವ ಕೈ ಗಾಳಿಯಲ್ಲೇ ನಿಂತಿತು. "ದೂರ ನಿಂತು ಗಾಜು ಹಾಕೋ ವಿದ್ಯೆ ನನಗೆ ಬರಲ್ಲ ಮೇಡಂ. ಯಾರು ನೀವು? ಲ್ಯಾಬಿನಿಂದ ಬಂದ್ರಾ?"

ಅವಳು ಕೈಯಲ್ಲಿದ್ದ ಕನ್ನಡಕವನ್ನು ಚಾಚಿದಳು. ಹೆಂಗಸು ದೀಪ ಹಾಕಿದಳು. ಕನ್ನಡಕದ ಎಡಗಡೆಯ ಕಡ್ಡಿಯನ್ನು ಬೆರಳಿನಲ್ಲಿ ಸವರಿದಳು.

"ಮತ್ತೆ ಹಾಕ್ಕೊಂಡೇ ಮಲಗಿದ್ರಾ ಸಾರ್? ಎಷ್ಟು ಸಲ ನೇರ ಮಾಡಿಕೊಡ್ಲಿ ಇದನ್ನ" ಎಂದು ನಗುತ್ತ ಹೇಳಿದವಳು ಎದುರಿನ ಮುಖ ನೋಡಿ ನಗು ನಿಲ್ಲಿಸಿದಳು. "ಅವರು ಬಂದು ಬಹಳ ದಿನ ಆಯ್ತು. ಹುಷಾರಾಗಿದಾರೆ ತಾನೇ?"

"ಹೋಗ್ಬಿಟ್ರು."

"ಎಲ್ಲಿಗೆ?" ಎಂದು ಕೇಳಿ, ಕೇಳುತ್ತಿರುವಾಗಲೇ ಅರ್ಥವಾಗಿ, ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಕನ್ನಡಕ ಮಾತ್ರ ಬೀಳದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಆ ಕುಸಿತವನ್ನು ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ನೋಡಿದಳು. ಎಷ್ಟು ದುಃಖ? ಪರಿಚಯದವಳಿಗೆ ಇರಬೇಕಾದಷ್ಟೋ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೋ? ಅಳೆಯಲು ಆಗಲಿಲ್ಲ. ಮೆಷಿನನ್ನು ತೆಗೆದು ಇಬ್ಬರ ನಡುವಿನ ಮೇಜಿನ ಮೇಲೆ ಇಟ್ಟಳು.

ಹೆಂಗಸು ಸ್ಟೂಲನ್ನೇ ಹಿಂದಕ್ಕೆ ಸರಿಸಿಕೊಂಡಳು, ಹಾವು ಕಂಡವಳಂತೆ.

"ಹೇಳಿ" ಎಂದಳು ಇವಳು. "ನಿಮ್ಮ ಸಾಮಾನು ನನ್ನ ಗಂಡನ ಸ್ವೆಟರ್ ಒಳಗೆ ಏನು ಮಾಡ್ತಿತ್ತು?"

"ಎರವಲು ತಗೊಂಡಿದ್ರು."

"ಚಟ ಬಿಡಿಸೋರು ಚಟದ ಸಾಮಾನು ಎರವಲು ತಗೋತಾರಾ?"

"ಅದಕ್ಕೇ ತಗೊಂಡಿದ್ದು." ಹೆಂಗಸು ಮೂಗೊರೆಸಿಕೊಂಡಳು. "ನನಗೆ ಆ ಆಟದ ಆಸೆ ಯಾವತ್ತೋ ಸತ್ತುಹೋಗಿತ್ತು ಅಕ್ಕಾ. ಬೇಜಾರು ಬರ್ತಿತ್ತು. ಆದ್ರೆ ದೀಪದ ಸಾಲು! ಜ್ವರ ಬಂದಾಗ ಹಚ್ಚಿದೀನಿ, ತಂಗಿ ಹೆರಿಗೆ ಕೋಣೆ ಹೊರಗೆ ನಿಂತು ಹಚ್ಚಿದೀನಿ. ಅದು ಮುರಿದ್ರೆ ನಾನೇ ಮುರೀತೀನಿ ಅನ್ಸೋದು. ಸಾರ್ ಪ್ರಶ್ನೆ ಎಲ್ಲಾ ಕೇಳಿದ್ರು, ಆಮೇಲೆ ಹಾಳೆ ಬದಿಗಿಟ್ರು. ನಿಮಗಿರೋದು ಆಸೆ ಅಲ್ಲ, ಭಯ ಅಂದ್ರು. ಕೆಲವು ದಿನಕ್ಕೆ ಅಂತ ನನಗೆ ಕೈಗಡ ಕೊಡಿ, ದೀಪ ನಾನು ಹಚ್ತೀನಿ, ನೀವು ಮರೆತು ನೋಡಿ ಅಂದ್ರು."

"ಲ್ಯಾಬಿಗೆ ಹೇಳದೆ?"

"ಬಂದವರ ಸಾಮಾನು ಮುಟ್ಟೋ ಹಾಗಿಲ್ಲವಂತೆ. ಮುಟ್ಟಿದ ಮೇಲೆ ನನ್ನ ಲೆಕ್ಕ ಲೆಕ್ಕಕ್ಕೇ ಬರಲ್ವಂತೆ. ಹೇಳ್ತೀನಿ, ಹೇಳ್ತೀನಿ ಅಂತಿದ್ರು. ವಾರ ವಾರ ಬಂದು ಇದೇ ಕುರ್ಚೀಲಿ ಕೂತು ಪ್ರಶ್ನೆ ಕೇಳಿ ಹೋಗೋರು. ಅಂಗಡಿ ಯಜಮಾನರಿಗೆ ಏನೂ ಕೊಳ್ಳದೆ ಕೂತವರನ್ನ ಕಂಡ್ರೆ ಮೈಯೆಲ್ಲ ಉರಿ. ಪಾಪ, ಅದಕ್ಕೇ ಎರಡು ಸಲ ಕನ್ನಡಕ ಮಾಡಿಸಿದ್ರು."

ಇಷ್ಟು ಸರಾಗವಾಗಿ ಬಂದ ಉತ್ತರವನ್ನು ನಂಬಬಹುದೇ? ಅವಳು ಮೆಷಿನನ್ನು ಹೊತ್ತಿಸಿ, ಮೇಲ್ಸೇತುವೆಯ ಕೆಳಗಿನ ಬೆಂಚಿಗೆ ತಂದು ನಿಲ್ಲಿಸಿದಳು. "ಇದು?"

ಹೆಂಗಸು ದೂರದಿಂದಲೇ ಕತ್ತು ಚಾಚಿದಳು. "ಇದೆಲ್ಲಿ ಬಂತು? ನಾನು ಕಟ್ಟಿದ್ದು ಒಂದೇ ಪ್ಲಾಟ್‌ಫಾರ್ಮು. ಸೇತುವೆ ಎಲ್ಲಾ ಅವರದ್ದಾ? ಬರೀ ದೀಪ ಹಚ್ತೀನಿ ಅಂದಿದ್ರು ಸಾರ್!" ಅಯ್ಯೋ ಎಂಬಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನನ್ನನ್ನ ಎತ್ತೋಕೆ ಬಂದು ಅವರೇ ಬಿದ್ದುಬಿಟ್ರಲ್ಲ."

"ಬೆಂಚಿನ ಮೇಲೆ ಕೂತಿರೋಳು ಯಾರು?"

"ನೀವೇ ಅಲ್ವಾ?"

"ನೀವು ಅಂದ್ಕೊಂಡಿದ್ದೆ."

ಹೆಂಗಸು ಮೇಲಂಗಿಯ ಜೇಬಿನಿಂದ ಕಣ್ಣಿಗೆ ಇಟ್ಟುಕೊಳ್ಳುವ ಭೂತಗಾಜು ತೆಗೆದು ತೆರೆಯ ಮೇಲೆ ಬಾಗಿದಳು, ಸಣ್ಣ ಸ್ಕ್ರೂ ಹುಡುಕುವವಳಂತೆ. "ನಾನಲ್ಲ. ಹಸಿರು ಬಟ್ಟೆ ಈ ಆಟದಲ್ಲಿ ಎಲ್ಲಾ ಹೆಂಗಸರಿಗೂ ಅದೇ. ಇವಳಿಗೆ ತುರುಬಿದೆ, ನಂದು ಮೋಟು ಕೂದಲು. ತುರುಬಿಗೆ ಏನೋ ಚುಚ್ಚಿದಾರೆ. ಹಳದಿ ಕಡ್ಡಿ ಥರ. ಏನದು, ಗೊತ್ತಾಗ್ತಿಲ್ಲ."

ಅವಳು ಗಾಜು ಕೇಳಿ ತೆಗೆದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಕಬ್ಬಿಣದ ಚೌಕಟ್ಟು ಇನ್ನೂ ಮೂಗಿನ ಮೇಲೆಯೇ ಇತ್ತು. ಅದನ್ನು ತೆಗೆದಿಟ್ಟು ಮತ್ತೆ ನೋಡಿದಳು. ಹಳದಿ ಪೆನ್ಸಿಲು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಮೊದಲು ಸೂಜಿ ಚುಚ್ಚಿದಂತಾಗುತ್ತದೆ. ಹಾಗಾಯಿತು.

"ಸಾಲು ಮುರೀತಾ ಅಕ್ಕಾ?" ಹೆಂಗಸು ಮೆತ್ತಗೆ ಕೇಳಿದಳು.

"ಅವರು ಹೋದ ಮಾರನೇ ದಿನ."

"ನೋಡಿ. ಅದಕ್ಕೆ ಎಷ್ಟು ಹೆದರಿ ಸತ್ತಿದ್ದೆ. ಮುರಿದ ದಿನ ನನಗೆ ಗೊತ್ತೂ ಆಗ್ಲಿಲ್ಲ. ಇಲ್ಲೇ ಕೂತು ಯಾರದ್ದೋ ಲೆನ್ಸು ಉಜ್ಜುತಿದ್ದೆ." ಸ್ವಲ್ಪ ತಡೆದು, "ಲ್ಯಾಬಿನವರಿಗೆ ಹೇಳ್ಬಿಡಿ. ನನ್ನ ಲೆಕ್ಕ ತೆಗೆದುಹಾಕ್ಲಿ. ಹೇಳೋಕೆ ಅವರಿಂದ ಆಗ್ಲಿಲ್ಲ" ಎಂದಳು.

"ಹೇಳ್ತೀನಿ."

ಗಡಿಯಾರನಿಗೆ ಏನು ಹೇಳಬೇಕೆಂದು ಈಗ ಗೊತ್ತಿತ್ತು. ಅಣ್ಣ ಆಡುತ್ತಿದ್ದ. ಗೂಬೆಯನ್ನು ಲೆಕ್ಕದಿಂದ ತೆಗೆಯಿರಿ. ಅಷ್ಟೇ. ಅದು ಕಷ್ಟವಲ್ಲ. ಕಷ್ಟವಾದದ್ದು ಮೇಜಿನ ಮೇಲಿತ್ತು. ನಿನ್ನೆಯವರೆಗೆ ಅದು ಸುಳಿವು. ಇಂದು ಅದರೊಳಗೆ, ಮರದಡಿ, ಅವನೂ ಅವಳೂ ಕೂತಿದ್ದರು.

"ಇದನ್ನ ನೀವೇ ಇಟ್ಕೊಳ್ಳಿ" ಎಂದಳು ಹೆಂಗಸು, ಮನಸ್ಸು ಓದಿದವಳಂತೆ. "ನನಗೆ ಬೇಡ. ಭಯ ಆಗುತ್ತೆ."

ಹೌದು ಎನ್ನಲು ಬಾಯಿ ತೆರೆದಳು. ಬಚ್ಚಲಿನ ನಲ್ಲಿಯ ಸದ್ದು ಕಿವಿಗೆ ಬಂತು. ದೀಪ ಹಚ್ಚುತ್ತಾಳೆ. ನಾಳೆಯೂ ಹಚ್ಚುತ್ತಾಳೆ. ಅವಳು ಹಚ್ಚಿದಷ್ಟು ದಿನ ಅವನು ಬೆಂಚಿನ ಮೇಲೆ ಕೂತಿರುತ್ತಾನೆ, ಮಾತಾಡದೆ. ಹೊರಗೆ ಅತ್ತೆ ಬಾಗಿಲು ಬಡಿಯುತ್ತಲೇ ಇರುತ್ತಾರೆ.

"ಎರವಲು ತಂದದ್ದು" ಎಂದಳು. "ಕೊಡ್ಲೇಬೇಕು."

ಹೆಂಗಸು ಯೋಚಿಸಿದಳು, ಅವಳನ್ನು ಅಂಗಡಿಯ ಮುಂಭಾಗಕ್ಕೆ ಕರೆದೊಯ್ದಳು. ಗಲ್ಲಾದ ಕೆಳಗಿನ ಒಂದು ಅಗಲವಾದ ಡ್ರಾಯರನ್ನು ಎಳೆದಳು. ಮಾಡಿಸಿ, ಬಂದು ಒಯ್ಯದೆ ಬಿಟ್ಟವರ ಕನ್ನಡಕಗಳು ಅದರಲ್ಲಿ ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡು ಬಿದ್ದಿದ್ದವು. "ಇದನ್ನ ನಾವು ಎಸೆಯಲ್ಲ, ತೆಗೆಯೋದೂ ಇಲ್ಲ. ಬೀಗದ ಕೈ ಯಜಮಾನರ ಸೊಂಟದಲ್ಲಿರುತ್ತೆ. ಅವರು ಸಂಜೆ ಹಾಕ್ಕೊಂಡು ಹೋಗ್ತಾರೆ. ನೀವೇ ಇಡಿ. ನಾನು ಮುಟ್ಟಲ್ಲ."

ಅವಳು ಮೆಷಿನನ್ನು ಆರಿಸಿ, ಗೂಬೆಯ ಬಟ್ಟೆಯಲ್ಲಿ ಸುತ್ತಿ, ಕನ್ನಡಕಗಳ ನಡುವೆ ಇಟ್ಟಳು. ಹೆಬ್ಬೆರಳು ಕೆಂಪು ಚುಕ್ಕೆಯನ್ನು ಬಟ್ಟೆಯ ಮೇಲಿನಿಂದಲೇ ಹುಡುಕಿತು. ಬಿಡಿಸಿಕೊಂಡಳು. ಡ್ರಾಯರು ಮುಚ್ಚಿತು. ಗಂಡನ ಕನ್ನಡಕವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು.

"ಅಕ್ಕಾ."

ತಿರುಗಿದಳು. ಹೆಂಗಸು ಗಲ್ಲಾದ ಈಚೆ ಬಂದು ಕೈ ಚಾಚಿ ನಿಂತಿದ್ದಳು.

"ವೈರು."

"ಯಾವ ವೈರು?"

"ಅವತ್ತು ನಾನೂ ಹೀಗೇ ಕೇಳಿದ್ದೆ. ಮೆಷಿನ್ ಕೊಟ್ಟು ವೈರು ಉಳಿಸಿಕೊಂಡಿದ್ದೆ. ಸಾರ್ ಬಾಗಿಲ ತನಕ ಹೋದವರು ವಾಪಸ್ ಬಂದು ಹೀಗೇ ಕೈ ಚಾಚಿದ್ರು. ಕೊಡೋ ತನಕ ಹಾಗೇ ನಿಂತ್ಕೊಂಡ್ರು."

ಅವಳು ಚೀಲಕ್ಕೆ ಕೈ ಹಾಕಿದಳು. ವೈರು ತಳದಲ್ಲಿ, ಕೈವಸ್ತ್ರದ ಕೆಳಗೆ, ಚೆನ್ನಾಗಿ ಸುತ್ತಿಟ್ಟಿತ್ತು. ಅದನ್ನು ಹಾಗೆ ಸುತ್ತಿದ್ದು ತಾನೇ ಎಂದು ಅವಳಿಗೆ ನೆನಪಿತ್ತು, ಬೆಳಿಗ್ಗೆ, ಹೊರಡುವ ಮುಂಚೆ.

ಹೆಂಗಸು ಆತುರ ಮಾಡಲಿಲ್ಲ. ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ನಿಂತಳು, ಅವನು ನಿಂತಿದ್ದಂತೆ.

ಅವಳು ಹಿಂದಿರುಗಿ ಬಂದು ಕೊಟ್ಟಳು.